ಗುಂಡಿ ಹಾಕಿಕೊಡದ ಆಯಮ್ಮ

ಕಿಟಕಿಯ ಗಾಜಿನಲ್ಲಿ ಈಗಷ್ಟೇ ಬೆಳಕು ಮೂಡುತ್ತಿದೆ. ಜ್ವರದ ವಾರ್ಡಿನ ಕೊನೆಯ ಮಂಚದಲ್ಲಿ ಕ್ಷೌರಿಕರೊಬ್ಬರು ತಮ್ಮ ಅಂಗಿಯ ಗುಂಡಿಯೊಂದಿಗೆ ಸೆಣಸುತ್ತಿದ್ದಾರೆ. ಬಲಗೈ ಬೆರಳುಗಳು ಗುಂಡಿಯನ್ನು ಹಿಡಿಯುತ್ತವೆ, ಕಾಜದವರೆಗೆ ತರುತ್ತವೆ, ಅಷ್ಟರಲ್ಲಿ ಅದು ಜಾರುತ್ತದೆ. ಪಕ್ಕದಲ್ಲೇ ಆಯಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಾರೆ. ಗುಂಡಿ ಮತ್ತೆ ಜಾರುತ್ತದೆ. ತಡೆಯಲಾಗದೆ ನಾನೇ ಕೈ ಚಾಚುತ್ತೇನೆ.

“ಸಾರ್, ಕೈ ಹಿಂದಕ್ಕೆ ತಗೊಳ್ಳಿ,” ಎನ್ನುತ್ತಾರೆ ಆಯಮ್ಮ. “ನೋಡೋಕೆ ಬಂದಿದ್ದೀರಿ, ನೋಡಿ.”

ಕೈ ಹಿಂದೆಗೆದುಕೊಳ್ಳುತ್ತೇನೆ. ಪತ್ರಿಕೆಗೆ ಬರೆಯಲು ಬಂದವನೆಂದು ಗೌನು, ಮಾಸ್ಕು, ಕೈಗವಸು ತೊಡಿಸಿ ಒಳಗೆ ಬಿಟ್ಟಿದ್ದೇ ದೊಡ್ಡದು. ಬೈಸಿಕೊಳ್ಳುವುದೂ ಅದರ ಜೊತೆಗೆ ಬರುತ್ತದೆಂದು ಯಾರೂ ಹೇಳಿರಲಿಲ್ಲ.

ಇದು ವೈರಸ್ ಜ್ವರ ಶ್ವಾಸಕೋಶಕ್ಕೆ ಇಳಿದವರ ವಾರ್ಡು. ಕೆಲವರಿಗೆ ಜ್ವರದ ನಡುವೆಯೇ ಪಾರ್ಶ್ವವಾಯು ಹೊಡೆಯುತ್ತದೆ. ಕ್ಷೌರಿಕರಿಗೂ ಹಾಗೇ ಆಯಿತು. ಕೆಮ್ಮು ಎಂದು ಬಂದು ಮಲಗಿದವರ ಬಲಗೈ ಮಾರನೆಯ ದಿನವೇ ಬಿದ್ದುಹೋಯಿತು. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದ ರಕ್ತವನ್ನು ಡಾಕ್ಟರು ಬೇಗನೆ ತೆಗೆದರು. “ಚಿಕಿತ್ಸೆ ಚೆನ್ನಾಗೇ ಆಯ್ತು. ಆದರೆ ಎದೆಯಲ್ಲಿ ಸೋಂಕು ಇರೋರು ಉಳಿದವರಷ್ಟು ಚೆನ್ನಾಗಿ ಸುಧಾರಿಸ್ಕೋತಾರೆ ಅಂತ ಹೇಳೋಕಾಗಲ್ಲ. ಕೈ ಆಡಿಸೋಕೂ ಉಸಿರು ಸಾಲಲ್ಲ ಅವರಿಗೆ,” ಎನ್ನುತ್ತಾರೆ ಡಾಕ್ಟರಮ್ಮ. ಕತ್ತರಿ ಹಿಡಿಯುವ ಕೈ ಅದು. ಆ ಬೆರಳು ಏಳದಿದ್ದರೆ ಅಂಗಡಿ ಬಾಗಿಲು ಮುಚ್ಚಿದ ಹಾಗೆಯೇ.

ವ್ಯಾಯಾಮ ಹೇಳಿಕೊಡುವ ಥೆರಪಿಸ್ಟ್ ದಿನಕ್ಕೊಮ್ಮೆ ಬಂದು ಹೋಗುತ್ತಾರೆ. ಮನೆಯವರನ್ನು ಒಳಗೆ ಬಿಡುವುದಿಲ್ಲ. ಉಳಿದ ಹೊತ್ತೆಲ್ಲ ಆಯಮ್ಮನೇ ಗತಿ. ಹನ್ನೆರಡು ಮಂಚಗಳ ರೋಗಿಗಳಿಗೆ ಮೈ ಒರೆಸಬೇಕು, ಮಗ್ಗುಲು ತಿರುಗಿಸಬೇಕು, ಹಾಸಿಗೆ ಬದಲಿಸಬೇಕು. ಪಾಳಿ ಮುಗಿಯುವಷ್ಟರಲ್ಲಿ ಗೌನಿನೊಳಗಿನ ಬಟ್ಟೆ ಹಿಂಡಿದರೆ ನೀರು ಬರುತ್ತದೆ. ಮೊದಲು ಇದೇ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ, ಅತ್ತೆಯನ್ನೂ ಮಗಳನ್ನೂ ಸಾಕಲು, ಸಂಬಳ ಸ್ವಲ್ಪ ಹೆಚ್ಚೆಂದು, ಬೇರೆಯವರು ಬರಲೊಲ್ಲದ ಈ ವಾರ್ಡಿಗೆ ಬಂದರು.

“ನಮ್ಮತ್ತೆ ಮೊದಮೊದಲು ನನ್ನ ಬಾಗಿಲಲ್ಲೇ ನಿಲ್ಲಿಸಿಬಿಡೋರು, ಸ್ನಾನ ಮಾಡದೆ ಒಳಗೆ ಬರಬೇಡ ಅಂತ. ಈಗಲೂ ನಿಲ್ಲಿಸ್ತಾರೆ. ಆದ್ರೆ ‘ಇವತ್ತು ಯಾರ ಕೈ ಎದ್ದಿತೇ?’ ಅಂತ ಅಲ್ಲೇ ಕೇಳ್ತಾರೆ,” ಎಂದು ನಗುತ್ತಾರೆ.

ಥೆರಪಿಸ್ಟ್ ಹೇಳಿಕೊಟ್ಟ ಒಂದು ಮಾತನ್ನು ಆಯಮ್ಮ ಗಟ್ಟಿಯಾಗಿ ಹಿಡಿದಿದ್ದಾರೆ: ರೋಗಿಯ ಕೈಲಾಗುವುದನ್ನು ರೋಗಿಯೇ ಮಾಡಬೇಕು. ಹನ್ನೊಂದು ಮಂಚಗಳು ಕಾಯುತ್ತಿರುವಾಗ, ತಾನು ಚಿಟಿಕೆ ಹೊಡೆಯುವುದರೊಳಗೆ ಹಾಕಬಹುದಾದ ಗುಂಡಿಯ ಮುಂದೆ ಸುಮ್ಮನೆ ನಿಲ್ಲುವುದಿದೆಯಲ್ಲ, ಅದೇನು ಸಾಮಾನ್ಯವೇ! ಉಸಿರು ಏರಿದರೆ ಮಾತ್ರ ನಿಲ್ಲಿಸಿ ನರ್ಸನ್ನು ಕೂಗುತ್ತಾರೆ. “ಮಾಡಿಕೊಡೋದೇನು ಮಹಾ? ಮಾಡದೇ ಇರೋದೇ ಕಷ್ಟ. ಕರುಳು ಚುರ್ ಅನ್ನುತ್ತೆ.”

ಕ್ಷೌರಿಕರು ಇವರಿಗೆ ಇಟ್ಟ ಹೆಸರು ‘ಕಲ್ಲಮ್ಮ’. “ಹೆಂಡತಿಗೆ ಫೋನಲ್ಲಿ ಚಾಡಿ ಹೇಳಿದ್ದೆ ಸಾರ್. ನಾನು ಒದ್ದಾಡೋದನ್ನ ಇವಳು ಸಿನಿಮಾ ನೋಡಿದ ಹಾಗೆ ನೋಡ್ತಾಳೆ ಅಂತ.”

“ಟಿಕೆಟ್ ಇಲ್ಲದ ಸಿನಿಮಾ ಅಣ್ಣ, ಬಿಡೋಕಾಗುತ್ತಾ?”

ಒಂದು ದಿನ ಕ್ಷೌರಿಕರು ಅಂಗಿಯನ್ನೇ ಎಸೆದು ಅತ್ತುಬಿಟ್ಟರಂತೆ. “ಅವತ್ತು ನಾನೂ ಬಟ್ಟೆ ಕೋಣೆಗೆ ಹೋಗಿ ಅತ್ತೆ,” ಎನ್ನುತ್ತಾರೆ ಆಯಮ್ಮ. “ಹಿಂದಿನ ವಾರವಷ್ಟೇ ಪಕ್ಕದ ಮಂಚದ ಅಜ್ಜಿ ಹೋಗಿಬಿಟ್ಟಿದ್ರು. ಅವರಿಗೂ ಇದೇ ಜ್ವರ, ಇದೇ ಲಕ್ವ. ಎಲ್ಲರ ಕೈಯೂ ಏಳಲ್ಲ, ಗೊತ್ತು ನನಗೆ. ಮುಖ ತೊಳ್ಕೊಂಡು ಬಂದು, ಅಂಗಿ ಎತ್ತಿಕೊಟ್ಟು, ಮತ್ತೆ ಕೈ ಕಟ್ಟಿ ನಿಂತೆ.”

ಮುಂದಿನ ವಾರ ಕ್ಷೌರಿಕರು ಮನೆಗೆ ಹೊರಡುವ ದಿನವೂ ನಾನು ಹೋಗುತ್ತೇನೆ. ಬಾಗಿಲ ಬಳಿ ಹೆಂಡತಿ ಇಸ್ತ್ರಿ ಮಾಡಿದ ಅಂಗಿ ಹಿಡಿದು ನಿಂತಿದ್ದಾರೆ. ಗಂಡ ಅದರೊಳಗೆ ತೋಳು ತೂರಿಸುತ್ತಲೇ ಗುಂಡಿ ಹಾಕಲು ಹೆಂಡತಿ ಮುಂದಾಗುತ್ತಾರೆ.

“ಬೇಡ ಅತ್ತಿಗೆ. ಅಣ್ಣ ಹಾಕ್ಕೋತಾರೆ.”

ಒಂದೊಂದಾಗಿ, ನಡುನಡುವೆ ಉಸಿರೆಳೆದುಕೊಳ್ಳುತ್ತ, ಕ್ಷೌರಿಕರು ಅಷ್ಟೂ ಗುಂಡಿ ಹಾಕಿಕೊಳ್ಳುತ್ತಾರೆ. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಕ್ಷೌರಿಕರು ಬಲಗೈಯ ಎರಡು ಬೆರಳುಗಳನ್ನು ಕತ್ತರಿಯಂತೆ ಆಡಿಸಿ, “ಕಲ್ಲಮ್ಮಾ, ನಿನ್ನ ಮಗಳನ್ನ ಅಂಗಡಿಗೆ ಕರ್ಕೊಂಡು ಬಾ, ಕೂದಲು ನಾನೇ ಕತ್ತರಿಸ್ತೀನಿ,” ಎನ್ನುತ್ತಾರೆ.

“ಮೊದಲು ಬೇರೆಯವರ ತಲೆ ಮೇಲೆ ಕೈ ಕುದುರಿಸಿಕೊಳ್ಳಿ, ಆಮೇಲೆ ನೋಡೋಣ!”

ಗಂಡ ಹೆಂಡತಿ ನಿಧಾನವಾಗಿ ನಡೆಯುತ್ತಾರೆ. ನಿಮಗೇನಾದರೂ ಆಸೆ ಇದೆಯೇ ಎಂದು ಆಯಮ್ಮನನ್ನು ಕೇಳುತ್ತೇನೆ. ಅವರ ಕಣ್ಣು ಇನ್ನೂ ಆ ಅಂಗಿಯ ಮೇಲೆಯೇ ಇದೆ.

“ನೋಡಿದ್ರಾ ಸಾರ್, ಒಂದು ಕಾಜ ತಪ್ಪಿದೆ. ಕಾಲರ್ ಒಂದು ಕಡೆ ಮೇಲೆದ್ದಿದೆ. ಓಡಿಹೋಗಿ ಸರಿ ಮಾಡೋಣ ಅಂತ ಆಸೆ. ಕೈ ಸುಮ್ನಿರ್ತಾನೇ ಇಲ್ಲ.”

ಎರಡೂ ಕೈಗಳು ಬೆನ್ನ ಹಿಂದೆಯೇ ಇವೆ.

“ಆದ್ರೆ ಮಾಡಲ್ಲ. ಅದು ಅವರೇ ಹಾಕ್ಕೊಂಡಿರೋ ಗುಂಡಿ.”