ಅಬ್ಬಾ ಮಾಡಿದ ಥಾಳಿ

ಅಕ್ಕೋರ ಬಲಗೈ ತೋರುಬೆರಳಿನ ತುದಿ ಜಡ್ಡುಗಟ್ಟಿ ಹುಣಸೆಬೀಜದಂತಾಗಿತ್ತು. ಎಸೆಯುವಾಗ ಥಾಳಿ, ಅಂದರೆ ಡಿಸ್ಕಸ್, ಕೊನೆಗೆ ಸವರಿಕೊಂಡು ಹೋಗುವುದು ಆ ಬೆರಳನ್ನೇ. ಅದರಿಂದ ತಲೆಗೊಮ್ಮೆ ಮೊಟಕಿದರೆ, ಅಯ್ಯಯ್ಯೋ, ಸಂಜೆಯವರೆಗೂ ಉರಿ!

ಸೋನ್ಯಾಳದ ನಮ್ಮ ಶಾಲೆಗೆ ಅವರು ಆಟದ ಅಕ್ಕೋರು. ಬೆಳುಂಕಿಯಲ್ಲಿ ಅಪ್ಪನ ಕುರಿ ಕಾಯುತ್ತ ಬೆಳೆದವರು ತೊಂಬತ್ತರ ದಶಕದಲ್ಲಿ ಥಾಳಿ ಎಸೆತದಲ್ಲಿ ಇಡೀ ರಾಜ್ಯಕ್ಕೇ ಚಾಂಪಿಯನ್ ಆದರು. ಭುಜ ಕೈಕೊಟ್ಟ ಮೇಲೆ ನಮಗೆ ಕಲಿಸಲು ಬಂದರು. ಎಷ್ಟು ದೂರ ಒಗೆದಿದ್ದಿರಿ ಎಂದು ಕೇಳಿದರೆ, "ದೂರ ಹೋದ ಕುರಿ ಹಿಂದಕ್ಕ ಹೊಳ್ಳೂವಷ್ಟು" ಎಂದು ನಗುತ್ತಿದ್ದರು. ಅವರ ಪದಕಗಳನ್ನು ನಾವ್ಯಾರೂ ಕಾಣಲಿಲ್ಲ.

ನಾನು ಹತ್ತನೆಯಲ್ಲಿದ್ದಾಗ ಶಾಲೆಯ ಒಂದೇ ಒಂದು ಥಾಳಿ ಬಂಡೆಗೆ ಬಿದ್ದು ಸೀಳಿತು. ನಮ್ಮಪ್ಪ, ಅಂದರೆ ಅಬ್ಬಾ, ಚಕ್ಕಡಿ ಗಾಲಿ ಮಾಡುವವರು. "ಅದೇನ ದೊಡ್ಡ ಮಾತ್ರಿ?" ಎಂದವರೇ ಜಾಲಿ ಕಟ್ಟಿಗೆ ಕೆತ್ತಿ, ಗಾಲಿಗೆ ಹಾಕುವಂತೆಯೇ ಕಬ್ಬಿಣದ ಪಟ್ಟಿ ಕೆಂಪಗೆ ಕಾಸಿ ತೊಡಿಸಿ, ನೀರು ಸುರಿದು ಬಿಗಿದರು. ಅಗಲವೇನೋ ಹಳೆಯದರಷ್ಟೇ. ತೂಕದ ಕಡೆ ಅವರ ಲಕ್ಷ್ಯವೇ ಹೋಗಲಿಲ್ಲ. ಗಾಲಿ ಮಾಡುವವರಿಗೆ ಗಟ್ಟಿಯಿದ್ದರೆ ಮುಗಿಯಿತು.

ಅಕ್ಕೋರು ಎತ್ತಿಕೊಂಡಾಗ ಕೈ ಒಮ್ಮೆ ಕೆಳಗೆ ಜಗ್ಗಿತು. ಅಬ್ಬಾನ ಮುಖ ನೋಡಿದರು.

"ಭಾಳ ಚಲೋ ಆಗೇತ್ರಿ, ಚಾಚಾ."

"ಅಳತಿ ಸರಿ ಐತೇನ್ರಿ, ಅಕ್ಕೋರ?"

"ಏಕ್‌ದಂ ಸರಿ ಐತ್ರಿ."

ವರ್ಷವಿಡೀ ಅದನ್ನೇ ಒಗೆದೆ. ಹೆಗಲು ಕಿತ್ತುಬರುವಷ್ಟು ನೋವು. ಮನಸ್ಸಿನಲ್ಲೇ ಅಕ್ಕೋರಿಗೆ ಶಾಪ ಹಾಕುತ್ತಿದ್ದೆ. ಬಿಡುವಂತೆಯೂ ಇರಲಿಲ್ಲ. ಹತ್ತನೆ ಮುಗಿದರೆ ಓದು ಸಾಕು ಎನ್ನುತ್ತಿದ್ದ ಅಬ್ಬಾನಿಂದ ಅಕ್ಕೋರು ಮಾತು ತೆಗೆದುಕೊಂಡಿದ್ದರು: ಜತ್ತದ ತಾಲೂಕು ಸ್ಪರ್ಧೆಯಲ್ಲಿ ಗೆದ್ದರೆ ಹುಡುಗಿಯನ್ನು ಅಲ್ಲಿಯೇ ಕಾಲೇಜಿಗೆ ಹಾಕಬೇಕು.

ಜತ್ತದಲ್ಲಿ ಕೊಟ್ಟ ಥಾಳಿ ಕೈಯಲ್ಲಿ ಇದೆಯೋ ಇಲ್ಲವೋ ಎನ್ನುವಷ್ಟು ಹಗುರ. ರೂಢಿಯಾದ ಬಲವನ್ನೆಲ್ಲ ಹಾಕಿ ಬೀಸಿದೆ; ಪಕ್ಕದ ಗೆರೆ ದಾಟಿ ಬಿತ್ತು, ಲೆಕ್ಕಕ್ಕಿಲ್ಲ. ಎರಡನೆಯದೂ ಹಾಗೇ. ಉಳಿದದ್ದು ಒಂದೇ. ಹಗ್ಗದಾಚೆ ಅಬ್ಬಾ ಟೋಪಿ ತೆಗೆದು ಹಿಸುಕುತ್ತ ನಿಂತಿದ್ದರು.

ಅಕ್ಕೋರು ಬಂದು ಕಿವಿಯಲ್ಲಿ ಅಂದರು: "ಇಷ್ಟ ದಿನಾ ಗಾಲಿ ಒಗದಿ. ಇದು ರೊಟ್ಟಿ ಐತಿ. ಮೆತ್ತಗ ಬಿಡು. ನಿಮ್ಮಪ್ಪಗ ಮಾತ್ರ ಹೇಳಬ್ಯಾಡ."

ಮೆತ್ತಗೆ ಬಿಟ್ಟೆ. ನಟ್ಟನಡುವೆ ಹೋಗಿ, ಉಳಿದ ಹುಡುಗಿಯರ ಗುರುತುಗಳನ್ನೆಲ್ಲ ದಾಟಿ ಬಿತ್ತು. ಅಬ್ಬಾ ಕಂಡಕಂಡವರಿಗೆಲ್ಲ "ನನ್ನ ಥಾಳಿ ಗೆದ್ದಿತು" ಎಂದು ಹೇಳಿಕೊಂಡು ತಿರುಗಿದರು. ನಾನು ಬಾಯಿ ಬಿಡಲಿಲ್ಲ. ತೂಕ ತಪ್ಪಿದೆ ಎಂದು ಥಾಳಿ ಮಾಡಿಕೊಟ್ಟ ದಿನವೇ ಗೊತ್ತಾಗಿದ್ದರೆ ಅವರು ನಾಚಿಕೆಯಿಂದ ಶಾಲೆಯ ಮೈದಾನದ ಕಡೆ ಹಾಯುತ್ತಲೇ ಇರಲಿಲ್ಲ, ಅಕ್ಕೋರಿಗೆ ಮಾತೂ ಕೊಡುತ್ತಿರಲಿಲ್ಲ, ನಾನೂ ಕಾಲೇಜು ಕಾಣುತ್ತಿರಲಿಲ್ಲ. ಇಂದು ನಾನೂ ಆಟದ ಟೀಚರ್ ಆಗಿದ್ದೇನೆಂದರೆ ಅದು ಆ ಹೆಣ್ಣುಮಗಳು ಹೇಳಿದ ಒಂದು ಸುಳ್ಳಿನಿಂದ.

ಅಕ್ಕೋರು ತೀರಿಕೊಂಡಾಗ ಅಬ್ಬಾನನ್ನು ಬೆಳುಂಕಿಗೆ ಕರೆದೊಯ್ದೆ. ಆ ಜಡ್ಡುಗಟ್ಟಿದ ಬೆರಳನ್ನು ಮುಟ್ಟಿ ಅತ್ತೆ. ಹೊರಳಿ ಬರುವಾಗ ಬಸ್ಸಿನಲ್ಲಿ ಅಬ್ಬಾ ಕೇಳಿದರು:

"ಬೇಟಾ, ಅವತ್ತ ಅಕ್ಕೋರ ಕೈ ಜಗ್ಗಿದ್ದ ನೋಡಿದ್ನಿ. ನನ್ನ ಥಾಳಿ ಭಾಳ ಭಾರ ಆಗಿತ್ತೇನು?"

"ಇಲ್ಲ, ಅಬ್ಬಾ," ಎಂದೆ. "ಏಕ್‌ದಂ ಸರಿ ಇತ್ತು."