ಪಾದ್ರಿ ಹುಂಜವನ್ನು ಇಳಿಸಿದ ಐಡೆಲ್ಲಾ ಸ್ಪ್ರೇಬೆರಿ

ಐಡೆಲ್ಲಾ ಸ್ಪ್ರೇಬೆರಿ ಆ ಟರ್ಕಿ ಹುಂಜವನ್ನು ಹೊಡೆದದ್ದು ಕೇವಲ ಅದೃಷ್ಟದಿಂದ ಎಂದು ನಮ್ಮೂರಿನ ಬಂದೂಕಿನ ಅಂಗಡಿಯಲ್ಲಿ ಇಂದಿಗೂ ಹೇಳುತ್ತಾರೆ. ಹುಂಜಕ್ಕೆ ಮುಪ್ಪಿನಿಂದ ಕಿವಿ ಮಂದವಾಗಿತ್ತಂತೆ. ಒಂದು ಕಾಲು ಕುಂಟಂತೆ. ಎರಡೂ ಸುಳ್ಳು. ಆ ಬೆಳಗ್ಗೆ ಆಕೆಯಿಂದ ಮಾರು ದೂರದಲ್ಲಿ ಕುಳಿತಿದ್ದವನು ನಾನು. ಅನಂತರ ಅದನ್ನು ತಕ್ಕಡಿಗೆ ಹಾಕಿದವನೂ ನಾನೇ. ಇಪ್ಪತ್ತೊಂದು ಪೌಂಡು ತೂಗಿದ, ಎರಡು ಕಾಲೂ ನೆಟ್ಟಗಿದ್ದ, ಒಂದು ಒಣ ಕಡ್ಡಿ ಮುರಿದರೆ ಅಷ್ಟು ದೂರದಿಂದ ಕತ್ತು ತಿರುಗಿಸುತ್ತಿದ್ದ ಪಕ್ಷಿ ಅದು. ನಡೆದದ್ದನ್ನು ನಡೆದಂತೆ ಹೇಳಬಲ್ಲವರು ಈಗ ಹೆಚ್ಚು ಮಂದಿ ಉಳಿದಿಲ್ಲವಾದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಐಡೆಲ್ಲಾ ಶರ್ಟಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕಾಲರು ಹೊಲಿದವಳು. ಅಲಬಾಮಾದ ಈ ಗುಡ್ಡಗಳಲ್ಲಿ ವಸಂತ ಬಂತೆಂದರೆ ಗಂಡ ಕ್ಲಿಯಾನ್ ಬಂದೂಕು ಹೊರುತ್ತಿದ್ದ, ಆಕೆ ಹೇಂಟೆಯಂತೆ ಕೂಗಿ ಹುಂಜವನ್ನು ಕರೆಯುತ್ತಿದ್ದಳು. ಕ್ಲಿಯಾನ್ ಎಷ್ಟೋ ಸಲ ಮರಕ್ಕೊರಗಿ ನಿದ್ದೆ ಹೋಗಿರುತ್ತಿದ್ದನೆಂಬುದೂ, ಆಗ ಗುಂಡು ಹಾರಿಸುತ್ತಿದ್ದವಳು ಆಕೆಯೇ ಎಂಬುದೂ ನಮಗೆಲ್ಲ ತಿಳಿದಿತ್ತು. ಆದರೂ ಹೆಸರು ಮಾತ್ರ ಅವನದೇ ಆಗುತ್ತಿತ್ತು. ಅವನು ತೀರಿಕೊಂಡ ಮೇಲೆ ಬೇಟೆ ಕ್ಲಬ್ಬಿನಲ್ಲಿದ್ದ ಅವನ ಪಾಲು ಆಕೆಗೆ ಬಂತು. ಹೆಂಗಸಿಗೆ ಪಾಲು ಸಲ್ಲದೆಂದು ನಿಯಮದಲ್ಲಿ ಎಲ್ಲೂ ಇರಲಿಲ್ಲ. ಇದ್ದ ನಿಯಮ ಇಷ್ಟೇ: ಸತತ ಮೂರು ವಸಂತ ಒಂದೂ ಹುಂಜ ಹೊಡೆಯದವರು ಪಾಲನ್ನು ಸರದಿಯಲ್ಲಿ ಕಾಯುತ್ತಿರುವ ಮುಂದಿನವನಿಗೆ ಬಿಟ್ಟುಕೊಡಬೇಕು.

ಮುಂದಿನವನೆಂದರೆ ಹಾಯ್ಟ್ ಲೆಡ್‌ಬೆಟರ್‌ನ ಭಾವಮೈದುನ. ಹಾಯ್ಟ್ ನಮ್ಮ ಕ್ಲಬ್ಬಿನ ಅಧ್ಯಕ್ಷ. ಮೇಲೆ ಹೇಳಿದ ಬಂದೂಕಿನ ಅಂಗಡಿ ಅವನದೇ. ಕೂಗುವ ಸ್ಪರ್ಧೆಯಲ್ಲಿ ಮೂರು ಸಲ ಗೆದ್ದವನು. ಅಂಗುಳಿಗೆ ಅಂಟಿಸಿಕೊಂಡು ಊದುವ ತೆಳು ರಬ್ಬರಿನ ಬಿಲ್ಲೆಯಿಂದ ಅವನು ಹೊರಡಿಸುತ್ತಿದ್ದ ಕೂಗು ನಿಜಕ್ಕೂ ಇಂಪಾಗಿತ್ತು. ಅದನ್ನು ಅಲ್ಲಗಳೆಯುವುದು ನ್ಯಾಯವಲ್ಲ.

ಐಡೆಲ್ಲಾಳೂ ಅಂಥದೇ ಬಿಲ್ಲೆಯಿಂದ ಕೂಗುತ್ತಿದ್ದವಳು. ವಿಧವೆಯಾದ ವರ್ಷವೇ ಆಕೆಯ ಹಲ್ಲುಗಳನ್ನೆಲ್ಲ ಕೀಳಿಸಬೇಕಾಯಿತು. ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ಅಂಗುಳನ್ನೆಲ್ಲ ಮುಚ್ಚಿತ್ತಾದ್ದರಿಂದ ಬಿಲ್ಲೆ ಅಲ್ಲಿ ನಿಲ್ಲಲೊಲ್ಲದು. ಊದಿದರೆ ಬಿಲ್ಲೆಯ ಜೊತೆಗೆ ಹಲ್ಲೂ ಹೊರಬರುತ್ತಿತ್ತು. ಎರಡು ವಸಂತ ಬರಿಗೈಯಲ್ಲಿ ಕಳೆದವು. ಮೂರನೆಯದರ ಕೊನೆಯ ದಿನವೂ ಹತ್ತಿರವಾಯಿತು.

ಆಕೆಯ ಪಾಲಿನ ಕಣಿವೆಯಲ್ಲಿ ಇದ್ದದ್ದು ಒಂದೇ ಹುಂಜ. ತೊರೆಯ ಆಚೆ ದಡದಲ್ಲಿ ನಿಂತು ಉಪದೇಶ ಮಾಡುವವನಂತೆ ತಾಸುಗಟ್ಟಲೆ ಗುಟುರು ಹಾಕುತ್ತಿತ್ತೇ ಹೊರತು ಈಚೆಗೆ ಬರುತ್ತಿರಲಿಲ್ಲ. ಆದ್ದರಿಂದ ಅದಕ್ಕೆ ಪಾದ್ರಿ ಎಂದು ಹೆಸರು. ಟರ್ಕಿಗಳಲ್ಲಿ ಹೇಂಟೆಯೇ ಹುಂಜವಿದ್ದಲ್ಲಿಗೆ ಹೋಗುವುದು ವಾಡಿಕೆ. ಪಾದ್ರಿ ಆ ವಾಡಿಕೆಯನ್ನು ಒಂದಿಷ್ಟೂ ಬಿಟ್ಟುಕೊಡದ ಹುಂಜ.

ಕೊನೆಯ ದಿನದ ಹಿಂದಿನ ಸಂಜೆ ಐಡೆಲ್ಲಾ ಗೂಬೆಯಂತೆ ಕೂಗಿ, ಅದಕ್ಕೆ ಉತ್ತರವಾಗಿ ಪಾದ್ರಿ ಹಾಕಿದ ಗುಟುರಿನಿಂದ ಅದು ಯಾವ ಪೈನ್ ಮರದ ಮೇಲೆ ರಾತ್ರಿ ಕಳೆಯಲಿದೆಯೆಂದು ಗೊತ್ತು ಮಾಡಿಕೊಂಡಳು. ಹೀಗೆ ಸಂಜೆ ಗುರುತಿಸಿದವರದೇ ಮರುದಿನದ ಬೆಳಗು. ಬೇರೆ ಯಾರೂ ಆ ಹಕ್ಕಿಯನ್ನು ಕರೆಯಬಾರದು. ಅದಕ್ಕಾಗಿಯೇ ಬಿಡಾರದಲ್ಲಿ ಊಟಕ್ಕೆ ಕುಳಿತಾಗ ಎಲ್ಲರಿಗೂ ಕೇಳಿಸುವಂತೆ ಹೇಳುತ್ತಾರೆ. ಆಕೆಯೂ ಹೇಳಿದಳು.

"ಸುಮ್ನೆ ಯಾಕೆ ಇಬ್ಬನೀಲಿ ನೆನೀತೀರಿ ಮಿಸ್ ಐಡೆಲ್ಲಾ? ನಾನು ಕರೆದ್ರೇ ಇಳಿದು ಬರದ ಹಕ್ಕಿ ಅದು" ಎಂದ ಹಾಯ್ಟ್. ನಮ್ಮ ಕಡೆ ಮದುವೆಯಾದ ಹೆಂಗಸರನ್ನೂ ಮರ್ಯಾದೆಗೆ ಮಿಸ್ ಎನ್ನುತ್ತಾರೆ.

"ನಿನ್ನ ಮಾತು ಕೇಳೋಕೆ ಅಂಗಡೀಲಿ ಗಿರಾಕಿಗಳಿದಾರಲ್ಲಪ್ಪಾ. ಹುಂಜಕ್ಕೆ ಬೇರೆ ಕೆಲಸ ಇದೆ."

"ಅದ್ಸರಿ, ಹಲ್ಲಿಲ್ದೆ ಹೇಗೆ ಕರೀತೀರಿ?"

"ಹಲ್ಲಿರೋ ಹೇಂಟೆ ನೀನೆಲ್ಲಾದ್ರೂ ನೋಡಿದೀಯಾ ಹಾಯ್ಟ್?"

ಅಡಿಗೆಯ ಟಲ್ ಮುದುಕ ನಗು ತಡೆಯಲಾರದೆ ಸೌಟನ್ನು ಬೀಳಿಸಿದ. ಹಾಯ್ಟ್ ನಗಲಿಲ್ಲ. ಬೇರೆ ಯಾರಾದರೂ ಹೊಡೆದುಕೊಟ್ಟ ಹುಂಜವನ್ನು ತನ್ನದೆಂದು ತೋರಿಸಬಾರದು, ಜೊತೆಗೆ ಒಬ್ಬ ಸಾಕ್ಷಿ ಇರಲಿ ಎಂದ. ಇಂಥ ಷರತ್ತನ್ನು ನಮ್ಮ ಕ್ಲಬ್ಬಿನಲ್ಲಿ ಯಾವ ಗಂಡಸಿಗೂ ಎಂದೂ ಹಾಕಿರಲಿಲ್ಲ. ಆ ಮಾತನ್ನು ನಾನು ಅಲ್ಲಿಯೇ ಆಡಿದೆ. ಆಕೆ ಮಾತ್ರ "ವರ್ನನ್ ಬರಲಿ ಬಿಡು, ಹೊರೋಕೆ ಒಬ್ಬ ಬೇಕಾಗತ್ತೆ" ಎಂದು ನನ್ನತ್ತ ಕೈ ತೋರಿಸಿ ಮುಗಿಸಿಬಿಟ್ಟಳು.

ಬೆಳಕು ಹರಿಯುವ ಮೊದಲೇ ನಾವಿಬ್ಬರೂ ತೊರೆಯ ಈಚೆಗೆ ದೊಡ್ಡ ಓಕ್ ಮರಕ್ಕೆ ಬೆನ್ನು ಕೊಟ್ಟು ಕುಳಿತಿದ್ದೆವು. ಡಾಗ್‌ವುಡ್ ಹೂವುಗಳು ಬೆಳ್ಳಗೆ ಕಾಣತೊಡಗುವ ಹೊತ್ತಿಗೆ ಪಾದ್ರಿ ಮರದ ಮೇಲಿಂದ ಗುಟುರು ಹಾಕಿತು. ಮರುಕ್ಷಣವೇ ಪಕ್ಕದ ದಿಣ್ಣೆಯಿಂದ ಹೇಂಟೆಯ ಕೂಗು ಕೇಳಿತು. ಇಂಪಾದ, ಒಂದು ಕುಂದೂ ಇಲ್ಲದ ಕೂಗು. ಅದು ಹಾಯ್ಟ್‌ನದೆಂದು ಕಂಡುಹಿಡಿಯಲು ಕಷ್ಟಪಡಬೇಕಿರಲಿಲ್ಲ. ಮತ್ತೊಬ್ಬರ ಹಕ್ಕಿಯೆಂದು ಹಿಂದಿನ ಸಂಜೆಯೇ ಕಿವಿಯಾರೆ ಕೇಳಿದ್ದ ಅಧ್ಯಕ್ಷನು ಹೀಗೆ ಮಾಡಿದ್ದಕ್ಕೆ ನಾಚಿಕೆಗೇಡು ಎಂಬುದಕ್ಕಿಂತ ಮೃದುವಾದ ಮಾತು ನನ್ನಲ್ಲಿಲ್ಲ.

ಪಾದ್ರಿ ನೆಲಕ್ಕಿಳಿದು, ಎಂದಿನಂತೆ ಆಚೆ ದಡದಲ್ಲಿ ನಿಂತು, ಹಾಯ್ಟ್‌ನ ಪ್ರತಿಯೊಂದು ಕೂಗಿಗೂ ಉತ್ತರ ಕೊಟ್ಟಿತು. ಹೆಜ್ಜೆ ಮಾತ್ರ ಕದಲಿಸಲಿಲ್ಲ.

ಆಗ ಐಡೆಲ್ಲಾ ಹಲ್ಲಿನ ಸೆಟ್ಟನ್ನು ತೆಗೆದು ಕರವಸ್ತ್ರದಲ್ಲಿ ಸುತ್ತಿಟ್ಟು, ಕೋಟಿನ ಒಳಗಿನಿಂದ ಒಂದು ಪೀಪಿಯನ್ನು ಹೊರತೆಗೆದಳು. ಹೇಂಟೆಯ ರೆಕ್ಕೆಯ ಎಲುಬುಗಳನ್ನು ಒಂದರೊಳಗೊಂದು ಸೇರಿಸಿ ಮಾಡಿದ್ದು. ಇಂಥ ಪೀಪಿ ಮಾಡುವುದನ್ನು ಆಕೆಗೆ ಕಲಿಸಿದವನು ಅಪ್ಪ. ಇದನ್ನು ಊದುವುದಿಲ್ಲ, ತುಟಿಯಿಂದ ಹೀರುತ್ತಾರೆ. ಬೊಚ್ಚು ಬಾಯಿಯ ತುಟಿಗಳು ಅದನ್ನು ಬಿಗಿಯಾಗಿ ಕಚ್ಚಿಕೊಂಡವು. ಹೊರಟದ್ದು ಮೂರೇ ಕೂಗು, ಗೊಗ್ಗರು ದನಿಯಲ್ಲಿ. ಕೊನೆಯದು ನಡುವೆಯೇ ಒಡೆದುಹೋಯಿತು.

ಪಾದ್ರಿ ಥಟ್ಟನೆ ಸುಮ್ಮನಾಯಿತು. ದಿಣ್ಣೆಯ ಮೇಲಿನ ಹಾಯ್ಟ್‌ನೂ ಸುಮ್ಮನಾದ. ಕೆಲಸ ಕೆಟ್ಟಿತೆಂದು ನನಗೆ ಖಚಿತವಾಯಿತು.

"ಇನ್ನೊಂದ್ಸಲ ಕೂಗು" ಎಂದು ಪಿಸುಗುಟ್ಟಿದೆ.

"ಬಾಯ್ಮುಚ್ಚು ವರ್ನನ್."

ಆಕೆ ಪೀಪಿಯನ್ನು ಒಳಗಿಟ್ಟೇಬಿಟ್ಟಳು. ಹೇಂಟೆ ಮೇಯುವಾಗ ಕೆದಕುವಂತೆ ಬೆರಳುಗಳಿಂದ ಒಣ ಎಲೆಗಳನ್ನು ಎರಡು ಸಲ ಕೆದಕಿ, ಬಂದೂಕನ್ನು ಮೊಣಕಾಲಿನ ಮೇಲೆ ನೆಲೆಗೊಳಿಸಿ, ಕಲ್ಲಿನಂತೆ ಕುಳಿತಳು. ನನ್ನ ಕಾಲು ಜೋಮು ಹಿಡಿಯಿತು, ಜೋಮು ಬಿಟ್ಟಿತು, ಮತ್ತೆ ಹಿಡಿಯಿತು. ಆಮೇಲೆ ತೊರೆಯ ಮೇಲೆ ರೆಕ್ಕೆ ಬಡಿದ ಸದ್ದಾಯಿತು. ಅನಂತರ, ಕಿವಿಗಿಂತ ಎದೆಗೆ ಮೊದಲು ತಿಳಿಯುವ ಆ ಗುಂಯ್ ಎಂಬ ತಗ್ಗು ದನಿ. ಗರಿ ಕೆದರಿದ ಹುಂಜ ಹತ್ತಿರದಲ್ಲೆಲ್ಲೋ ನಡೆದಾಡುತ್ತಿತ್ತು.

ಬಿದ್ದ ಮರದ ಹಿಂದಿನಿಂದ ಬೆಳ್ಳಗಿನ ನೆತ್ತಿ ಎದ್ದಿತು, ಕೆಳಗೆ ನೀಲಿ ಕೆನ್ನೆ, ಕೆಂಪು ಗಂಟಲು. ಬಾಲವನ್ನು ಬೀಸಣಿಗೆಯಂತೆ ಬಿಚ್ಚಿಕೊಂಡು ಅರ್ಧ ಸುತ್ತು ತಿರುಗಿತು. ಆಕೆ ಕಾದಳು. ಪಾದ್ರಿ ಗರಿ ಮಡಚಿ, ಹೇಂಟೆ ಎಲ್ಲಿ ಎಂದು ಕತ್ತು ಚಾಚಿತು. ಒಂದೇ ಗುಂಡು, ಹಕ್ಕಿ ನಿಂತಲ್ಲಿಯೇ ಒರಗಿತು.

ನನಗಿಂತ ಮೊದಲು ಅದರ ಬಳಿ ತಲುಪಿದವಳು ಆಕೆ. ಮಂಡಿಯೂರಿ, ಬೆನ್ನಿನ ಗರಿಗಳನ್ನು ಅಂಗೈಯಿಂದ ಸವರಿ, ಬೊಚ್ಚು ಬಾಯಿ ತುಂಬ ನಕ್ಕಳು. ಮೂರೇ ಕೂಗಿಗೆ ನಿಲ್ಲಿಸಿದ್ದೇಕೆಂದು ಕೇಳಿದೆ.

"ಇಡೀ ತಿಂಗಳು ಎಲ್ರೂ ಅದನ್ನ ಬಾ ಬಾ ಅಂತ ಬೇಡ್ಕೊಂಡಿದಾರೆ. ಬೇಡದೆ ತನ್ನ ಪಾಡಿಗೆ ಮೇಯೋಳು ಒಬ್ಳಿದಾಳೆ ಅಂದ್ರೆ ನೋಡ್ದೆ ಇರೋಕಾಗತ್ತಾ ಗಂಡಿಗೆ?"

ಬಿಡಾರಕ್ಕೆ ಬಂದಾಗ ಹಾಯ್ಟ್ ನಮಗಿಂತ ಮೊದಲೇ ಬಂದಿದ್ದ. ಬಾಗಿಲ ಹೊರಗಿನಿಂದಲೇ ಅವನ ದನಿ ಕೇಳುತ್ತಿತ್ತು. "ಇನ್ನೇನು ಬಂದೇಬಿಟ್ಟಿತ್ತು ಕಣ್ರೋ. ಅಷ್ಟರಲ್ಲಿ ಯಾವ್ದೋ ಮುದಿ ಹೇಂಟೆ ಬಂದು ಕರಕೊಂಡು ಹೋಯ್ತು. ನಿಜವಾದ ಹೇಂಟೆ ಎದುರಿಗೆ ಯಾವನು ಕೂಗಿ ಗೆಲ್ತಾನೆ? ಸುಮ್ಮನಾಗಿಬಿಟ್ಟೆ. ಆಮೇಲೆ ಯಾರೋ ಎಲ್ಲೋ ಗುಂಡು ಹಾರಿಸಿದ್ರು."

ಐಡೆಲ್ಲಾ ಹುಂಜವನ್ನು ನನ್ನ ಹೆಗಲಿನಿಂದ ತನ್ನ ಹೆಗಲಿಗೆ ಹಾಕಿಕೊಂಡು ಒಳಗೆ ಕಾಲಿಟ್ಟಳು. ಬಿಸಿ ಬನ್ನಿನಂಥ ಬಿಸ್ಕೆಟ್ಟಿನ ಮೇಲೆ ಗ್ರೇವಿ ಸುರಿಯುತ್ತಿದ್ದ ಟಲ್ ಒಂದು ನೋಟ ನೋಡಿದ.

"ಹಾಯ್ಟ್, ನಿನ್ನ ಹೇಂಟೆ ಬಂದೈತೆ. ಎದ್ದು ಕುರ್ಚಿ ಕೊಡು."

ಆ ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು. ತಾನು ಕರೆಯುತ್ತಿದ್ದನೆಂಬುದನ್ನೂ, ಆಕೆಯ ಕೂಗನ್ನು ನಿಜವಾದ ಹೇಂಟೆಯದೆಂದು ನಂಬಿದನೆಂಬುದನ್ನೂ ಅಧ್ಯಕ್ಷನು ತನ್ನ ಬಾಯಿಂದಲೇ ಹೇಳಿಯಾಗಿತ್ತು. ಪಾಲಿನ ಮಾತನ್ನು ಎತ್ತುವ ಧೈರ್ಯ ಯಾರಿಗೂ ಇರಲಿಲ್ಲ. ಭಾವಮೈದುನನೇ ಎದ್ದು ಬಂದು ಆಕೆಯ ಕೈ ಕುಲುಕಿದ.

ಋತುವಿನ ಎಲ್ಲಕ್ಕಿಂತ ಭಾರದ ಹುಂಜ ಹೊಡೆದವರು ಮುಂದಿನ ವರ್ಷದ ಜಾಗವನ್ನು ಎಲ್ಲರಿಗಿಂತ ಮೊದಲು ಆರಿಸಬೇಕೆಂಬುದು ನಮ್ಮ ಪದ್ಧತಿ. ಆ ವರ್ಷ ಪಾದ್ರಿಯನ್ನು ಮೀರಿಸಿ ತೂಗಿದ್ದು ಬೇರೊಂದಿರಲಿಲ್ಲ. ಆಕೆ ಹಾಯ್ಟ್‌ನ ದಿಣ್ಣೆಯನ್ನು ಕೇಳಿದಳು.

"ಅಲ್ಲೇನಿದೆ ಮಿಸ್ ಐಡೆಲ್ಲಾ? ಈ ವರ್ಷ ಅಲ್ಲಿ ಒಂದು ಹುಂಜನೂ ಕೂಗಿಲ್ಲ" ಎಂದ ಅವನು ತಗ್ಗಿದ ದನಿಯಲ್ಲಿ.

"ನೀನು ಬಿಡುವು ಕೊಟ್ರೆ ತಾನೇ ಅವು ಕೂಗೋದು" ಎಂದು ಐಡೆಲ್ಲಾ, ಟಲ್ ಕೊಟ್ಟ ಕಾಫಿಯನ್ನು ಊದಿ ಆರಿಸಿಕೊಂಡು ಕುಡಿದಳು.