ಅತ್ತಿಗೆಯ ಲಾಂಡ್ರಿ ಚೀಲ

ಗೆಳೆಯರೇ, ನಾನು ಬಿ.ಎಸ್ಸಿ. ಮುಗಿಸಿಲ್ಲ. ಮೈಸೂರಿನಲ್ಲಿ ಎರಡನೇ ವರ್ಷಕ್ಕೇ ಕಾಲೇಜು ಬಿಟ್ಟವನು. ಅಮೆರಿಕದ ವುಡ್‌ಬ್ರಿಡ್ಜ್‌ನಲ್ಲಿ ನನ್ನನ್ನು ಮನೆಯಲ್ಲಿಟ್ಟುಕೊಂಡಿರುವ ಅಣ್ಣನಿಂದ ಇದನ್ನು ಮೂರು ವರ್ಷ ಮುಚ್ಚಿಟ್ಟಿದ್ದೆ. ಇಲ್ಲಿ ಕ್ಲಾಸಿಗೆ ಹೋಗದೆ ಬರೀ ಪರೀಕ್ಷೆ ಬರೆದು, ಕ್ರೆಡಿಟ್ ಕೂಡಿಸಿ ಡಿಗ್ರಿ ಪಡೆಯಬಹುದು. ಇಂದು ಗುಟ್ಟಾಗಿ ಮೊದಲ ಪರೀಕ್ಷೆಗೆ ಹೋದೆ.

ಮುಂದಿನ ಸಾಲಿನಲ್ಲಿ ಸೀರೆಯ ಮೇಲೆ ಕೋಟು ತೊಟ್ಟು ಕುಳಿತಿದ್ದವರು ನಮ್ಮ ಅತ್ತಿಗೆ! "ಎಸ್ಸೆಸ್ಸೆಲ್ಸಿಯವಳಿಗೆ ಏನು ಗೊತ್ತು" ಎಂದು ಅಣ್ಣ ದಿನವೂ ಹಂಗಿಸುವ ಅತ್ತಿಗೆ. ಕಾಲ ಬಳಿ ಲಾಂಡ್ರಿ ಚೀಲ. ನನ್ನ ಕೈಯಿಂದ ಪೆನ್ಸಿಲ್ ಬಿದ್ದೇಹೋಯಿತು.

ಹೊರಗೆ ಬಂದಮೇಲೆ ನನ್ನ ಮೂರು ವರ್ಷದ ಗುಟ್ಟು ಒಪ್ಪಿಕೊಂಡೆ. ಅವರೂ ಹೇಳಿದರು: "ಇದು ನನ್ನ ಒಂಬತ್ತನೇದು ಕಣೋ. ಲಾಂಡ್ರಿ ಅಂಗಡಿ ಮಷೀನಲ್ಲಿ ಬಟ್ಟೆ ಒಗೆಯೋಕೆ ಅಂತ ಹೇಳಿ ಬರ್ತೀನಿ. ಇನ್ನೆರಡು ಪಾಸಾದ್ರೆ ಡಿಗ್ರಿ. ನಿಮ್ಮಣ್ಣಂಗೆ ಗೊತ್ತಾದ್ರೆ ಇಲ್ಲಿಗೇ ನಿಲ್ಲಿಸಿಬಿಡ್ತಾರೆ."

"ಅಣ್ಣ ಕೇಳಿದ್ರೆ ನಂಗೆ ಸುಳ್ಳು ಹೇಳೋಕಾಗಲ್ಲ, ಅತ್ತಿಗೆ."

"ಮೂರು ವರ್ಷ ಮಾಡಿದ್ದೇನು ಮತ್ತೆ?"

"ಅವನು ಕೇಳ್ಲೇ ಇಲ್ವಲ್ಲ!"

"ಹಾಗಾದ್ರೆ ಇವತ್ತೂ ಕೇಳದ ಹಾಗೆ ನೋಡ್ಕೋ."

ಈ ಮಾತಿನ ಭರದಲ್ಲಿ ಬಟ್ಟೆ ಒಗೆಯುವುದೇ ಮರೆತುಹೋಯಿತು. ಮನೆಯಲ್ಲಿ ಅಣ್ಣ ಚೀಲಕ್ಕೆ ಕೈ ಹಾಕಿದ. "ಬೆಳಿಗ್ಗೆ ಹೋದೋಳು, ಬಟ್ಟೆ ಹಾಗೇ ಇದೆ! ಎಲ್ಲಿಗೆ..." ಎನ್ನುವಷ್ಟರಲ್ಲಿ, "ಅಣ್ಣಾ, ನಾನು ಬಿ.ಎಸ್ಸಿ. ಮುಗಿಸಿಲ್ಲ" ಎಂದುಬಿಟ್ಟೆ.

ಅವನ ಕೈಯಿಂದ ಚೀಲ ಜಾರಿತು. "ನಾಳೆಯಿಂದ ಈ ಮನೇಲಿ ನಿನ್ನ ಮುಖ ಕಾಣಬಾರದು!" ಎಂದು ಕೂಗಾಡಿದ. ಬಟ್ಟೆಯ ಪ್ರಶ್ನೆ ಮರೆತೇಹೋಯಿತು. ಅತ್ತಿಗೆ ಸದ್ದಿಲ್ಲದೆ ಚೀಲ ಎತ್ತಿಕೊಂಡು ಒಳಗೆ ಹೋದರು.

ನಾನು ನಿಜ ಹೇಳಿ ಒಬ್ಬರಿಗಾದರೂ ಉಪಕಾರವಾದದ್ದು ಇದೇ ಮೊದಲು. ನಾಳೆ ಬೆಳಿಗ್ಗೆ ಏಳರ ಬಸ್ಸಿಗೆ ಹೊರಡುತ್ತೇನೆ.